ಎದುರುಮನೆ ಹುಡುಗಿಯ ವಿಚಾರಣೆ

ಆ ದಿನಗಳಲ್ಲಿ ನಾನು ಗೂಢಚಾರಿಕೆಯ ಇತಿಹಾಸದ ಮೇಲೊಂದು ದಪ್ಪ ಪುಸ್ತಕ ಓದುತ್ತಿದ್ದೆ. ನನ್ನ ಮಟ್ಟಿಗೆ ಓದುವುದೆಂದರೆ ಓದುತ್ತ ಹೆದರುವುದು. ಹಿಂದಿನ ರಾಜರು ಸನ್ಯಾಸಿ, ವ್ಯಾಪಾರಿ, ಜೋಯಿಸರ ವೇಷದಲ್ಲಿ ಊರೂರಿಗೆ ಬೇಹಿನವರನ್ನು ಕಳಿಸುತ್ತಿದ್ದರಂತೆ. ಕೋಟೆ ಬೀಳುವ ಮೊದಲೇ ಕೋಟೆಯೊಳಗಿನ ಮಾತು ಹೊರಗೆ ಬಿದ್ದಿರುತ್ತಿತ್ತಂತೆ. ಅದನ್ನೋದಿದ ಮೇಲೆ ನಮ್ಮ ಸಂಜಯನಗರದ ಬೀದಿಗೆ ಬರುವ ಕೊರಿಯರ್‌ನವನಿರಲಿ, ಕೋಲೆ ಬಸವನೂ ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು.

"ನಿಮ್ಮ ಹತ್ರ ಕದಿಯೋಕೆ ಯಾವ ಗುಟ್ಟಿದೆ ರೀ, ಶುಗರ್ ರಿಪೋರ್ಟ್ ಬಿಟ್ರೆ?" ಎಂದಳು ಹೆಂಡತಿ.

ಇಷ್ಟು ಎಚ್ಚರವಾಗಿದ್ದವನ ಗೇಟಿಗೆ ಒಂದು ಭಾನುವಾರ ಬೆಳಿಗ್ಗೆ ನಿಜವಾದವರೇ ಬಂದರು. ನಾನು ಗುರುತಿಸಲಿಲ್ಲ.

ಬಂದವರು ಒಬ್ಬರೇ. ಇಸ್ತ್ರಿ ಮಾಡಿದ ಶರ್ಟು, ಮೃದು ಮಾತು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದು, "ಎದುರುಮನೆ ಹುಡುಗಿ ಬಗ್ಗೆ ಸ್ವಲ್ಪ ವಿಚಾರಿಸ್ಬೇಕಿತ್ತು ಸಾರ್" ಎಂದರು.

ನಮ್ಮಲ್ಲಿ ಹೀಗೆ ಬಂದು ಕೇಳುವವರು ಇನ್ಯಾರು, ಗಂಡಿನ ಕಡೆಯವರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಸಾವಿರದಲ್ಲಿ ಒಂದಷ್ಟು ಅಕ್ಕಪಕ್ಕದವರ ಪಾಲಿಗೂ ಬರುತ್ತದೆ. ನಾನು ಕೂತಲ್ಲೇ ನೆಟ್ಟಗಾದೆ.

"ಚಿನ್ನದಂಥ ಹುಡುಗಿ ಸಾರ್. ಮನೆ ಬಿಟ್ರೆ ಆಫೀಸು."

"ಸ್ನೇಹಿತರು?"

"ಯಾರೂ ಇಲ್ಲ."

"ಫಾರಿನ್‌ಗೇನಾದ್ರೂ ಹೋಗಿದ್ರಾ?"

ಅವಳು ಎರಡು ವರ್ಷ ಜರ್ಮನಿಯಲ್ಲಿ ಓದಿದವಳು. ತಂದುಕೊಟ್ಟ ಚಾಕಲೇಟನ್ನು ಹೆಂಡತಿಗೆ ಕಾಣದಂತೆ ತಿಂದವನು ನಾನೇ. ಆದರೆ ಒಬ್ಬಳೇ ಅಷ್ಟು ದೂರ ಇದ್ದಳೆಂದರೆ ಗಂಡಿನ ಕಡೆಯವರು ಮೂಗು ಮುರಿದಾರೆಂಬ ಚಿಂತೆ.

"ಫಾರಿನ್ನಾ? ಹೆಬ್ಬಾಳ ಫ್ಲೈಓವರ್ ದಾಟಿದ್ದೇ ಕಡಿಮೆ ಸಾರ್."

ಕಾಫಿ ಕುಡಿದು, ಏನಾದರೂ ನೆನಪಾದರೆ ಫೋನ್ ಮಾಡಿ ಎಂದು ನಂಬರ್ ಕೊಟ್ಟು ಹೋದರು. ಉಪಕಾರ ಮಾಡಿದ ಖುಷಿಯಲ್ಲಿ ನಾನು ಇನ್ನೊಂದು ಕಾಫಿ ಕುಡಿದೆ.

ಸಂಜೆ ಹುಡುಗಿಯ ತಂದೆ ಹಾಲಿನ ಬೂತ್ ಹತ್ತಿರ ಸಿಕ್ಕರು. ದನಿ ತಗ್ಗಿಸಿ, "ಮಗಳಿಗೆ ಸೆಂಟ್ರಲ್ ಗೌರ್ಮೆಂಟ್ ಕೆಲಸ ಆಗೋ ಹಾಗಿದೆ ಕಣ್ರೀ. ದೇಶದ ಭದ್ರತೆ ವಿಷ್ಯ. ಗುಟ್ಟಾಗಿ ಬಂದು ವಿಚಾರಿಸ್ತಾರಂತೆ. ಅವಳು ಜರ್ಮನಿ ಗಿರ್ಮನಿ ಎಲ್ಲಾ ಬರ್ದು ಕೊಟ್ಟಿದಾಳೆ. ಒಂದು ಮಾತು ತಾಳೆ ಆಗ್ದಿದ್ರೂ ಕೆಲಸ ಹೋಯ್ತು ಅಂತಾಳೆ" ಎಂದರು.

ಕೈಲಿದ್ದ ಹಾಲಿನ ಪ್ಯಾಕೆಟ್ ಭಾರವಾಯಿತು. ಮನೆಗೆ ಬಂದವನೇ ಫೋನ್ ಮಾಡಿದೆ.

"ಸಾರ್, ಹುಡುಗಿ ಜರ್ಮನಿಗೆ ಹೋಗಿದ್ಲು. ಫ್ರೆಂಡ್ಸೂ ಇದಾರೆ, ಬೇಕಾದಷ್ಟು. ನೀವು ಮದುವೆಗೆ ಕೇಳ್ತಿದೀರಿ ಅಂದ್ಕೊಂಡು..."

ಅತ್ತಲಿಂದ ನಗು. "ನಿಮ್ಮ ಬೀದೀಲಿ ಎಲ್ರೂ ಹಾಗೇ ಅಂದ್ಕೊಂಡ್ರು ಸಾರ್. ಮೂಲೆಮನೆ ಅಜ್ಜಿ, ಹುಡುಗಿ ಅಡುಗೆಮನೆ ಬಿಟ್ಟು ಹೊರಗೇ ಬರಲ್ಲ ಅಂದ್ರು."

"ಮತ್ತೆ ನೀವು ನಿಜ ಹೇಗೆ ಕಂಡುಹಿಡೀತೀರಿ?" ಪುಸ್ತಕದಲ್ಲಿ ಸಿಗದ ಗುಟ್ಟು ಇಲ್ಲಾದರೂ ಸಿಕ್ಕೀತೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಬೀದಿ ಇಷ್ಟೊಂದು ಸುಳ್ಳು ಹೇಳ್ಬೇಕಾದ್ರೆ ಹುಡುಗಿ ಒಳ್ಳೆಯವಳೇ ಇರ್ಬೇಕು, ಅಲ್ವಾ? ಆದ್ರೂ ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು."

"ನನ್ನ ಬಗ್ಗೆನೂ ಯಾರನ್ನಾದ್ರೂ ಕೇಳಿದ್ರಾ ಸಾರ್?"

"ಸಿಕ್ಕಾಪಟ್ಟೆ ಯೋಚ್ನೆ ಮಾಡ್ತಾರೆ ಅಂದ್ರು" ಎಂದು ಫೋನಿಟ್ಟರು. ಅದನ್ನು ಹೇಳಿದ್ದು ಯಾರೆಂದು ಇವತ್ತಿಗೂ ಯೋಚಿಸುತ್ತಿದ್ದೇನೆ.

ಕೆಲಸ ಸಿಕ್ಕಿತು. ಹುಡುಗಿ ಮೈಸೂರುಪಾಕು ತಂದಳು.

"ಯಾವ ಆಫೀಸಮ್ಮಾ?"

"ಗೌರ್ಮೆಂಟ್ ಆಫೀಸು ಅಂಕಲ್."

"ಏನ್ ಕೆಲಸ?"

"ಫೈಲು ಗೀಲು. ತಗೊಳ್ಳಿ ಅಂಕಲ್, ಇನ್ನೊಂದು ತಗೊಳ್ಳಿ."

ಹೋದ ತಿಂಗಳು ಗಂಡಿನ ಕಡೆಯವರು ನಿಜವಾಗಿಯೂ ಬಂದರು. ಬುದ್ಧಿ ಬಂದಿತ್ತು, ಜರ್ಮನಿಯಿಂದ ಹಿಡಿದು ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಖುಷಿಯಾಗಿಯೇ ಕೇಳಿಸಿಕೊಂಡರು. ಕೊನೆಗೆ, "ಹುಡುಗಿ ಏನ್ ಕೆಲಸ ಮಾಡ್ತಾಳೆ?" ಎಂದರು.

"ಗೌರ್ಮೆಂಟ್ ಆಫೀಸು. ಏನ್ ಕೆಲಸ ಅಂತ ಗೊತ್ತಿಲ್ಲ" ಎಂದೆ.

"ಎದುರುಮನೇಲಿದ್ದು ಗೊತ್ತಿಲ್ವಾ?" ಎಂದು ಮುಖ ಮುಖ ನೋಡಿಕೊಂಡು ಎದ್ದರು. ಗೇಟಿನಾಚೆ ನಿಂತು ಏನೋ ಪಿಸುಗುಟ್ಟಿ, ಮೂಲೆಮನೆ ಅಜ್ಜಿಯ ಕಡೆ ನಡೆದರು.