ಶಾರ್ಟ್‌ವೇವ್ ನಿಂತ ದಿನ

ಎಲ್ಕ್ ಗ್ರೋವ್ ವಿಲೇಜ್ ಎಂಬ ಹೆಸರು ಕೇಳಿ, ಪರದೇಶದ ಯಾವುದೋ ಹಳ್ಳಿಗೆ ಕೆಲಸಕ್ಕೆ ಹೊರಟಿದ್ದೇನೆ ಅಂದುಕೊಂಡಿದ್ದೆ. ಬಂದು ನೋಡಿದರೆ ಹಳ್ಳಿಯೂ ಇಲ್ಲ, ಹಸುವೂ ಇಲ್ಲ. ಮೈಲಿಗಟ್ಟಲೆ ಕಿಟಕಿಯಿಲ್ಲದ ಗೋದಾಮುಗಳು, ತಲೆಯ ಮೇಲೆ ವಿಮಾನ. ಮೊದಲ ದಿನ ಫುಟ್‌ಪಾತ್ ಹುಡುಕಿ ಸುಸ್ತಾದೆ. ನಡೆಯುವವರೇ ಇಲ್ಲದ ಕಡೆ ಅದು ಯಾತಕ್ಕೆ ಹೇಳಿ!

ಅಂಥದ್ದೇ ಒಂದು ಗೋದಾಮಿನಲ್ಲಿ ನಮ್ಮ ಆಫೀಸು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳ ಶಾಲೆಗಳಿಗೆ ಶಾರ್ಟ್‌ವೇವ್ ರೇಡಿಯೊದಲ್ಲಿ ಹೋಗುತ್ತಿದ್ದ ಪಾಠಗಳನ್ನು ಉಪಗ್ರಹಕ್ಕೆ ದಾಟಿಸುವುದು ನನ್ನ ಕೆಲಸ. ಹಳೆಯ ರೇಡಿಯೊದಲ್ಲಿ ಒಂದೇ ಸಮನೆ ಗೊರಗೊರ. ಆದರೆ ಪಾಠ ಮುಗಿದ ಮೇಲೆ ಒಂದೊಂದೇ ದ್ವೀಪ ಸರದಿಯಂತೆ ಮಾತಾಡುತ್ತಿತ್ತು: ತಿಳಿಯಿತು, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ. ನಮ್ಮ ಆಫೀಸಿನ ಮೈಕನ್ನೂ ಅದಕ್ಕೆ ಜೋಡಿಸಿದ್ದರು. ಉಪಗ್ರಹದ ಪಾಠ ಬಲು ಸ್ಪಷ್ಟ. ಆದರೆ ಶಾಲೆಗಳಿಗೆ ಕೊಟ್ಟ ಹೊಸ ಪೆಟ್ಟಿಗೆಯಲ್ಲಿ ಕೇಳಬಹುದು ಅಷ್ಟೇ, ತಿರುಗಿ ಮಾತಾಡುವಂತಿಲ್ಲ. ಅದು ಎಲ್ಲ ಶಾಲೆಗಳಿಗೂ ತಲುಪಿದೊಡನೆ ಹಳೆಯ ರೇಡಿಯೊ ಬಂದ್.

ಇಲ್ಲಿಯ ಜನರ "ಹೌ ಆರ್ ಯೂ" ಕೂಡ ಹೆಚ್ಚುಕಮ್ಮಿ ಹಾಗೆಯೇ. ಮೈಸೂರಿನಲ್ಲಿ ಪಕ್ಕದ ಮನೆಯವರು ತಿಂಡಿ ಏನೆಂದು ಕೇಳಿದರೆ, "ಮತ್ತೆ ಉಪ್ಪಿಟ್ಟೇನ್ರೀ?" ಎಂದು ಮುಖ ಸಿಂಡರಿಸುವವರೆಗೂ ಬಿಡುತ್ತಿರಲಿಲ್ಲ. ಇಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಕೇಳಿದವರು ಕಾಫಿ ಮಷಿನ್ ದಾಟಿರುತ್ತಾರೆ. ನಿಜವಾಗಿ ವಿಚಾರಿಸುತ್ತಿದ್ದವರೆಂದರೆ ಕಟ್ಟಕಡೆಯ ದ್ವೀಪದ ಟೀಚರ್ ಸಲೋಮೆ ಒಬ್ಬರೇ. ಅವರ ದನಿಯ ಹಿಂದೆ ಕೋಳಿ ಕೂಗುತ್ತಿರುತ್ತಿತ್ತು. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಂದರೆ, "ಏನೇ ತಂಗಿ, ಚಳಿ ಕಡಿಮೆ ಆಯ್ತಾ?"

ಅವರು ಒಮ್ಮೆ ಕೇಳಿಕೊಂಡರು: "ಇಲ್ಲಿ ಫೋನ್ ಇಲ್ಲ, ದೋಣಿ ಯಾವಾಗಲೋ ಬರುತ್ತೆ. ಮಕ್ಕಳಿಗೆ ಪಾಠ ತಿಳಿಯದಿದ್ದರೆ ಯಾರನ್ನ ಕೇಳಲಿ? ದಿನಾ ಅರ್ಧ ಗಂಟೆ ಹಳೇ ರೇಡಿಯೊ ಉಳಿಸಿಕೊಡು."

ಮ್ಯಾನೇಜರನ್ನು ಕೇಳಿದೆ. "ಐ ಹಿಯರ್ ಯೂ" ಎಂದರು. ಇಲ್ಲಿ ಹಾಗೆಂದರೆ ಆಗುವುದಿಲ್ಲ ಎಂದೇ ಅರ್ಥ. ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ.

"ಸುಮ್ನಿರೇ, ನಿನ್ ವೀಸಾ ರಿನ್ಯೂ ಆಗ್ಬೇಕು. ಊರ ಉಸಾಬರಿ ನಿಂಗ್ಯಾಕೆ?"

ಸಿಟ್ಟು ಬಂತು. ಅವರು ಹೇಳಿದ್ದು ಸರಿ ಎಂದು ಇನ್ನೂ ಸಿಟ್ಟು ಬಂತು. ಮರುದಿನ ಬಾಯಿಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದೆ.

ಹಳೆಯ ರೇಡಿಯೊದ ಕೊನೆಯ ದಿನ ನಮ್ಮ ಕಡೆಯ ಮೈಕನ್ನು ಮೊದಲು ನಿಲ್ಲಿಸಿದರು. ಸ್ಪೀಕರ್ ಇನ್ನೂ ಕೇಳಿಸುತ್ತಿತ್ತು. ಮೈಕ್ ನಿಂತದ್ದು ದ್ವೀಪಗಳವರಿಗೆ ಗೊತ್ತಿಲ್ಲ. ಒಬ್ಬೊಬ್ಬರಾಗಿ, "ಬರ್ತೀವಿ" ಎಂದು ವಿದಾಯ ಹೇಳಿದರು. ಕೊನೆಗೆ ಸಲೋಮೆ: "ತಂಗಿ, ಕೇಳಿಸ್ತಾ ಇದೆಯಾ? ಇದ್ದೀಯಾ?"

ಮೈಕಿನ ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. "ಇಲ್ಲೇ ಇದೀನಮ್ಮಾ!" ಎಂದು ಕನ್ನಡದಲ್ಲೇ ಕೂಗಿದೆ. ಆಫೀಸಿನವರೆಲ್ಲ ತಲೆಯೆತ್ತಿ ನೋಡಿದರು, ಯಾರಿಗೂ ತಿಳಿಯಲಿಲ್ಲ.

ಸಲೋಮೆ ಇನ್ನೆರಡು ಸಲ ಕರೆದರು. ಆಮೇಲೆ ಮಕ್ಕಳಿಗೆ ಮೆಲ್ಲನೆ ಹೇಳಿದ್ದು ಕೇಳಿಸಿತು: "ಅವಳು ತನ್ನ ಊರಿಗೆ ಹೋಗಿಬಿಟ್ಟಳು ಅಂತ ಕಾಣುತ್ತೆ."