ಕೆಳಗಿನ ಗೆರೆ

ನಿನ್ನ ಸಂಶೋಧನೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಎಲ್ಲಿಲ್ಲದ ಖುಷಿ. ನಾನು ಹೇಳಲು ಶುರು ಮಾಡಿದರೆ ಕೇಳಿದವರಿಗೆ ಬಸ್ಸಿನ ಹೊತ್ತು ನೆನಪಾಗುತ್ತದೆ. ಆದರೂ ಬಿಡುವವಳಲ್ಲ ನಾನು. ಕ್ವಾಂಟಂ ಸರ್ಕ್ಯೂಟನ್ನು ಕಾಗದದ ಮೇಲೆ ಅಡ್ಡ ಗೆರೆಗಳಾಗಿ ಬರೆಯುತ್ತೇವೆ. ಒಂದೊಂದು ಗೆರೆ ಕ್ವಾಂಟಂ ಕಂಪ್ಯೂಟರಿನ ಒಂದೊಂದು ಬಿಟ್, ಅದೇ ಕ್ಯೂಬಿಟ್. ಗೆರೆಯ ಮೇಲಿನ ಚೌಕಗಳು ಗೇಟುಗಳು, ಅಂದರೆ ಆ ಕ್ಯೂಬಿಟ್ ಮೇಲೆ ಮಾಡುವ ಕೆಲಸಗಳು; ಗೆರೆಯ ಕೊನೆಗೆ ಅದರ ಉತ್ತರ. ಕೆಲವು ಗೇಟುಗಳು ಎರಡು ಗೆರೆಗಳನ್ನು ಹಿಡಿದಿರುತ್ತವೆ. ಎಷ್ಟೋ ಗೇಟುಗಳನ್ನು ಬೆನ್ನಿಗೇ ಎರಡು ಸಲ ಹಾಕಿದರೆ ಏನೂ ಮಾಡದ ಹಾಗೆಯೇ; ಎರಡನ್ನೂ ಅಳಿಸಬಹುದು. ಹಾಗೆ ಅಳಿಸಿ ಸರ್ಕ್ಯೂಟನ್ನು ಚಿಕ್ಕದು ಮಾಡುವ ಪ್ರೋಗ್ರಾಂ ನನ್ನದು.

ಮೊದಲು ಗೇಟುಗಳನ್ನು ಒಂದರ ಕೆಳಗೊಂದು ಪಟ್ಟಿಯಾಗಿ ಇಟ್ಟಿದ್ದೆ. ಮನೆಯಲ್ಲಿ ಅವ್ವ ಹಿಟ್ಟು ನಾದುವುದು, ನಾನು ಚಟ್ನಿ ಕುಟ್ಟುವುದು, ಇದರಲ್ಲಿ ಯಾವುದು ಮೊದಲಾದರೇನು? ಬೇರೆ ಬೇರೆ ಗೆರೆಯ ಗೇಟುಗಳೂ ಹಾಗೇ. ಪಟ್ಟಿಗೆ ಮಾತ್ರ ಒಂದು ಮೇಲೆ, ಒಂದು ಕೆಳಗೆ ಇರಲೇಬೇಕು. ಒಂದೇ ಗೆರೆಯ ಜೋಡಿ ಗೇಟುಗಳ ನಡುವೆ ಬೇರೆ ಗೆರೆಯವು ಬಂದು ಕೂತುಬಿಡುತ್ತಿದ್ದವು. ಜೋಡಿ ನನ್ನ ಪ್ರೋಗ್ರಾಮಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಸಾಂಗ್ಲಿಯ ಕಾಲೇಜಿನಲ್ಲಿ ನನ್ನ ಗೈಡ್ ಗಡಿಯ ಜತ್ ಕಡೆಯವರು. ಸಿಟ್ಟಿಗೆ ಮರಾಠಿ, ಸಮಾಧಾನಕ್ಕೆ ಕನ್ನಡ. ನನ್ನ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಸೇರಬೇಕಿದ್ದ ವಾರದ ಮೊದಲಲ್ಲಿ ಕನ್ನಡದಲ್ಲೇ ಹೇಳಿದರು: “ಶನಿವಾರ ಸಮಿತಿ ಅದ. ಪ್ರೋಗ್ರಾಂ ನಡೀಲಿಲ್ಲಂದ್ರ ವಿಷಯ ಬದ್ಲಿ ಮಾಡೂಣು. ಹಗರ ವಿಷಯ ಭಾಳ ಅದಾವ.”

ಹಗುರ ವಿಷಯವಂತೆ! ಮೈಯೆಲ್ಲ ಉರಿಯಿತು. ನನಗೆ ಇದೇ ವಿಷಯ ಬೇಕಿತ್ತು.

ಪಟ್ಟಿ ಕಿತ್ತೊಗೆದೆ. ಪ್ರತಿ ಗೇಟೂ ತನ್ನ ಗೆರೆಯಲ್ಲಿ ಹಿಂದೆ ಯಾರು, ಮುಂದೆ ಯಾರು ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳುವ ಹಾಗೆ ಹೊಸದಾಗಿ ಬರೆದೆ. ಓಡಿಸಿದರೆ ಸರ್ಕ್ಯೂಟು ಅರ್ಧಕ್ಕಿಳಿಯಿತು! ಕೆಳಗಿಳಿದು ಹೋಗಿ ಭಡಂಗ, ಅದೇ ಖಾರದ ಚುರುಮುರಿ, ತಂದು ಲ್ಯಾಬಿಗೆಲ್ಲ ಹಂಚಿದೆ. ಗೈಡ್ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ನನ್ನ ಪಕ್ಕ ಕೂತರು.

“ಮ್ಯಾಲಿನ ಗೆರಿ ಉತ್ತರ ನೋಡಿದ್ನಿ. ಕೆಳಗಿನ ಗೆರೀದು ತೋರ್ಸವಾ.”

ತೋರಿಸಿದೆ. ಪೂರ್ತಿ ತಪ್ಪು. ಈ ಕೆಲಸದವರೇ ಮಾಡಬಲ್ಲ ತಪ್ಪದು: ಎರಡು ಗೆರೆ ಹಿಡಿದ ಗೇಟನ್ನು ತೆಗೆದಾಗ ಮೇಲಿನ ಗೆರೆಯ ತುದಿಗಳನ್ನು ಜೋಡಿಸಿ, ಕೆಳಗಿನದನ್ನು ಹಾಗೇ ಬಿಟ್ಟಿದ್ದೆ. ಅಲ್ಲಿಂದ ಮುಂದಿನ ಗೇಟುಗಳೆಲ್ಲ ಕಳಚಿ ಬಿದ್ದಿದ್ದವು. ಸರ್ಕ್ಯೂಟು ಚಿಕ್ಕದಾಗಿರಲಿಲ್ಲ, ತುಂಡಾಗಿತ್ತು. ನಾನೋ, ಮೇಲಿನ ಗೆರೆಯ ಉತ್ತರವನ್ನಷ್ಟೇ ನೋಡಿ ಕುಣಿದಿದ್ದೆ.

“ಭಡಂಗ ಚಲೋ ಅದ,” ಎಂದು ಗೈಡ್ ಇನ್ನೊಂದು ಮುಷ್ಟಿ ತೆಗೆದುಕೊಂಡರು.

ಎರಡೂ ಗೆರೆಗಳನ್ನು ಜೋಡಿಸಿದ ಮೇಲೆ ಉತ್ತರ ಸರಿ ಬಂತು, ಗೇಟುಗಳ ಉಳಿತಾಯ ಮಾತ್ರ ಸೊರಗಿತು. ಶನಿವಾರ ಮಿರಜದ ನನ್ನ ರೂಮಿನಿಂದ ಹೊರಟು ಸಾಂಗ್ಲಿ ಬಸ್ಸು ಹತ್ತುವಾಗ ವಿಷಯ ಕೈತಪ್ಪಿಹೋಯಿತೆಂದೇ ಹೆದರಿದ್ದೆ. ಸಮಿತಿಯಲ್ಲೊಬ್ಬರು ಪರದೆ ನೋಡಿ, “ಇಷ್ಟೇನಾ?” ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ!

“ಮೊನ್ನೆ ಅರ್ಧಕ್ಕ ಇಳಿಸಿದ್ನಿ ಸರ್. ಅದು ಸುಳ್ಳಿತ್ತು. ಇದು ಇಷ್ಟ, ಆದ್ರ ಖರೆ ಅದ.”

ಆ ಸುಳ್ಳನ್ನೂ ತೋರಿಸು ಎಂದರು. ತೋರಿಸಿದೆ. ಗೆರೆ ಎಲ್ಲಿ ಕಡಿದುಹೋಯಿತು, ಹೇಗೆ ಗೊತ್ತಾಯಿತು, ಇಂಥದ್ದನ್ನು ಪ್ರೋಗ್ರಾಮೇ ಹಿಡಿಯುವಂತೆ ಮಾಡಬಹುದೇ? ಪ್ರಶ್ನೆಯ ಮೇಲೆ ಪ್ರಶ್ನೆ. ಅವರಿಗೂ ಚಹಾ ಆರಿದ್ದು ಗೊತ್ತಾಗಲಿಲ್ಲ. ಕೊನೆಗೆ, ಇದೇ ವಿಷಯ ಮುಂದುವರಿಸಲಿ ಎಂದು ಬರೆದು ಸಹಿ ಹಾಕಿದರು.

ಹೊರಗೆ ಬಂದವಳೇ ನಮ್ಮೂರು ಸಲಗರೆಗೆ ಫೋನು ಮಾಡಿದೆ. ಅವ್ವ ಕುರಿ ಹೊಡೆದುಕೊಂಡು ಬಂದು ಆಗಷ್ಟೇ ಕೂತಿದ್ದಳು. ಎಲ್ಲ ಕೇಳಿ, “ಅಂದ್ರ ಇನ್ನೂ ಇದನ್ನ ಮಾಡ್ಕೋತ ಕುಂಡ್ರತಿ?” ಎಂದಳು.

“ಹೂಂ ಬೇ, ಇದನ್ನ ಮಾಡ್ತೇನಿ,” ಎಂದೆ. ವಾರವಿಡೀ ನಾನು ಹೆದರಿದ್ದು ಈ ಒಂದು ಮಾತು ಹೇಳಲಾಗದೆ ಹೋದೀತೆಂದೇ.