ದುರುಗಮ್ಮ ಕದಿಯದ ನೀರು

ದುರುಗಮ್ಮ ನೀರು ಕದಿಯಲಿಲ್ಲ. ತುರ್ವಿಹಾಳದಲ್ಲಿ ನಮ್ಮ ಅಕ್ಕಪಕ್ಕದ ಗದ್ದೆಯವರೆಲ್ಲ ಇಷ್ಟು ವರ್ಷ ನಿಜವೆಂದೇ ನಂಬಿಕೊಂಡು ಬಂದ ಆ ಕಳವು ನಡೆಯಲೇ ಇಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ಊರ ಚಾವಡಿಯಲ್ಲಿ ಕುಳಿತು ನಾನು ಸುಳ್ಳು ಹೇಳಿದೆ. ಬರಿಯ ಸುಳ್ಳಲ್ಲ — ಶಿವನಾಮವನ್ನು ಅಡ್ಡ ಹಿಡಿದು ಹೇಳಿದ ಸುಳ್ಳು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಲಿಂಗಸುಗೂರಿನಲ್ಲಿ ಬಹುಕಾಲ ಹಳಗನ್ನಡ, ಸಂಸ್ಕೃತಗಳನ್ನು ಪಾಠ ಹೇಳಿ, ನಿವೃತ್ತನಾಗಿ ಊರಿಗೆ ಮರಳಿದ್ದೆ. ನಮ್ಮದು ಸ್ವಾಮಿಗಳ ಮನೆತನ. ಇದ್ದ ಗದ್ದೆಯನ್ನು ತಮ್ಮ ಸಂಗಯ್ಯನೇ ನೋಡಿಕೊಳ್ಳುತ್ತಿದ್ದ. ನಾನು ಒಂದು ದಿನವೂ ಕೆಸರಿಗೆ ಕಾಲಿಟ್ಟವನಲ್ಲ. "ಅಣ್ಣ ಗದ್ದಿಗೆ ಬಂದ್ರ ಎತ್ತು ಸೈತ ನಗ್ತಾವ" ಎಂದು ಅವನು ಊಟಕ್ಕೆ ಕೂತಾಗ ಚೇಷ್ಟೆ ಮಾಡುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಆ ಮಾತು ಒಳಗೆಲ್ಲೋ ಚುಚ್ಚುತ್ತಿತ್ತೆಂಬುದನ್ನು ಈಗ ಮುಚ್ಚಿಡಲಾರೆ.

ನಮ್ಮ ಓಣಿಯ ಟೇಲರ್ ಖಾಜಾಸಾಬರ ತಮ್ಮ ದುಬೈನಿಂದ ಬಂದಾಗ ಅಂಗೈ ಅಗಲದ ಒಂದು ಆಟದ ಡಬ್ಬಿ ತಂದಿದ್ದ. ಒಂದು ಸಂಜೆ ಖಾಜಾಸಾಬರು ಅದನ್ನು ನನ್ನ ಮುಂದೆ ಇಟ್ಟರು. "ಸ್ವಾಮ್ಯಾರ, ಇದರಾಗ ಏನೇನೋ ಇಂಗ್ಲಿಷ್ ಬರ್ತೈತಿ, ಜರಾ ಓದಿ ಹೇಳ್ರಿ. ನಮ್ಮಾಂವ ದುಬೈಗೆ ಹೋಗಿ ಏನು ತಂದಾನ ನೋಡ್ರಿ — ಒಕ್ಕಲುತನ! ಇಲ್ಲಿ ಕಮ್ಮಿ ಬಿದ್ದಿತ್ತೇನು?"

ಓದಿ ಹೇಳಲೆಂದು ಕೈಗೆ ತೆಗೆದುಕೊಂಡೆ. ಮರಳಿ ಕೊಡಲು ಮನಸ್ಸು ಬರಲಿಲ್ಲ.

ಹಸಿರುಗಪ್ಪು ಬಣ್ಣದ ಸಣ್ಣ ಪರದೆಯ ಮೇಲೆ ಟೋಪಿ ಹಾಕಿದ ಒಬ್ಬ ಒಕ್ಕಲುಮಗ. ಗುಂಡಿ ಒತ್ತಿದರೆ ಕಲ್ಲು ಆಯುತ್ತಾನೆ, ನೆಲ ಅಗೆಯುತ್ತಾನೆ, ಬೀಜ ಚೆಲ್ಲುತ್ತಾನೆ, ನೀರು ಹಾಕುತ್ತಾನೆ. ನೋಡುತ್ತಿದ್ದಂತೆ ಬೆಳಗಾಗುತ್ತದೆ, ಸಂಜೆಯಾಗುತ್ತದೆ, ಮೊಳಕೆ ಮೂಡುತ್ತದೆ. ಹಾಗೆಂದು ಅದು ಸಸಾರದ ಆಟವೂ ಅಲ್ಲ. ಋತು ಮುಗಿಯುವ ಮುನ್ನ ಬೆಳೆ ಕೈಗೆ ಬಾರದಿದ್ದರೆ ಮರುದಿನ ಎಲ್ಲವೂ ಒಣಗಿ ನಿಲ್ಲುತ್ತಿತ್ತು. ಹೆಚ್ಚು ದುಡಿಸಿದರೆ ಆ ಬೊಂಬೆ ದಣಿದು ಬೀಳುತ್ತಿತ್ತು. ಆಕಳ ಮೈ ತಿಕ್ಕುವುದನ್ನು ಮರೆತರೆ ಅದು ಮುನಿಸಿಕೊಳ್ಳುತ್ತಿತ್ತು. ಯಾವ ಬೀಜ ಯಾವಾಗ, ಯಾವ ಮೂಲೆಗೆ ಎಷ್ಟು — ಈ ಲೆಕ್ಕಾಚಾರ ಪೂಜೆಯ ಹೊತ್ತಿನಲ್ಲೂ ತಲೆಯೊಳಗೆ ಓಡತೊಡಗಿತು.

ಏನು ಸುಖವಿತ್ತು ಅದರಲ್ಲಿ? ಬಹಳ ಸಲ ಕೇಳಿಕೊಂಡಿದ್ದೇನೆ. ಅಲ್ಲಿ ದುಡಿದಷ್ಟಕ್ಕೆ ಫಲವಿತ್ತು. ನನ್ನನ್ನು ಕಂಡು ನಗುವ ಎತ್ತುಗಳಿರಲಿಲ್ಲ. ನೀರಿಗೆ ಪಾಳಿ ಇರಲಿಲ್ಲ, ಬದುವಿನ ಆಚೆ ಯಾರ ಗದ್ದೆಯೂ ಇರಲಿಲ್ಲ. ಮನುಷ್ಯರ ಹಂಗಿಲ್ಲದ ಒಂದು ಭೂಮಿ — ಅದನ್ನು ನಾನು ಶಾಂತಿಯೆಂದು ಕರೆದೆ.

ನಮ್ಮ ಭೂಮಿ ಹಾಗಲ್ಲ. ಕಾಲುವೆಯಿಂದ ಬರುವ ನೀರು ಮೊದಲು ದುರುಗಮ್ಮನ ಗದ್ದೆಯ ಬದುವಿಗೆ ತಾಗಿ ಹರಿದು, ಬಂಡಿದಾರಿಯ ಕೆಳಗಿನ ಸಿಮೆಂಟಿನ ಕೊಳವೆಯಲ್ಲಿ ನುಸುಳಿ ನಮ್ಮ ಗದ್ದೆಗೆ ಬೀಳುತ್ತಿತ್ತು. ಕೊಳವೆಯ ಬಾಯಿಗೆ ಜೊಂಡು, ಕಸ ಬಂದು ಕಟ್ಟಿಕೊಳ್ಳುವುದು ನಿತ್ಯದ ಕಾಟ. ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ, ತಗ್ಗು ಬದುವನ್ನು ಹಾರಿ, ಆಕೆಯ ಗದ್ದೆಗೆ ನುಗ್ಗುತ್ತದೆ. ಆದ್ದರಿಂದ ಯಾರ ಪಾಳಿಯೋ ಅವರ ಮನೆಯವರೊಬ್ಬರು ಪಾಳಿ ಮುಗಿಯುವ ತನಕ ಕೋಲು ಹಿಡಿದು ಕೊಳವೆಯ ಬಾಯಿಯಲ್ಲಿ ಕೂಡಬೇಕು. ಅದು ನಮ್ಮಲ್ಲಿನ ಕಟ್ಟಳೆ.

ದುರುಗಮ್ಮ ಗಂಡನನ್ನು ಕಳೆದುಕೊಂಡು ತಾನೇ ಗದ್ದೆ ಮಾಡುತ್ತಿದ್ದಳು. ಬಾಯಿ ಜೋರು. ಪಾಳಿಯ ವಿಷಯದಲ್ಲಿ ಎಂಥವರನ್ನೂ ಬಿಡುತ್ತಿರಲಿಲ್ಲ. ಆದರೆ ಇನ್ನೊಬ್ಬರ ಪಾಳಿಗೆ ಕೈ ಹಾಕಿದವಳಲ್ಲ.

ಭತ್ತ ತೆನೆ ಬಿಡುವ ಹೊತ್ತು. ಆಗ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು. ಅಂಥ ಸಮಯದ ಪಾಳಿಯ ದಿನವೇ ಸಂಗಯ್ಯ ಹೆಂಡತಿಯನ್ನು ಸಿಂಧನೂರಿಗೆ, ಡಾಕ್ಟರ ಹತ್ತಿರ ಕರೆದೊಯ್ಯಬೇಕಾಯಿತು. "ಅಣ್ಣಾ, ಇವತ್ತೊಂದಿನ ಕೊಳವಿ ಬಾಯಾಗ ಕುಂದರು. ಕಸ ಬಂತಂದ್ರ ಕೋಲಿಲೆ ಎತ್ತಿ ಒಗಿ, ಅಷ್ಟ. ನಿನ್ನ ಜಪಾನೂ ಆಗ್ತೈತಿ, ನನ್ನ ನೀರೂ ಆಗ್ತೈತಿ" ಎಂದು ಹೇಳಿ ಹೋದ.

ಜಪಮಾಲೆಯ ಜೊತೆಗೆ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡೆ. ಅದರ ಪರದೆಗೆ ಸ್ವಂತ ಬೆಳಕಿಲ್ಲ, ಬಿಸಿಲು ಬಿದ್ದರೇ ಕಾಣುವುದು. ಬಯಲಲ್ಲಿ ಬಿಸಿಲಿಗೇನು ಕೊರತೆ! ದುರುಗಮ್ಮ ಕುಡುಗೋಲು ಹಿಡಿದು ಹುಲ್ಲಿಗೆಂದು ಹಾದು ಹೋಗುವಾಗ "ಶರಣ್ರೀ ಸ್ವಾಮ್ಯಾರ, ಇವತ್ತು ನೀವೂ ಕಾವಲಿಗೇನು?" ಎಂದಳು. ಡಬ್ಬಿಯನ್ನು ಶಲ್ಯದ ಮರೆಗೆ ಸರಿಸಿ "ಹೂಂ" ಎಂದೆ. ಆಕೆ ಹೋದಳು. ನಾನು ಮತ್ತೆ ತೆಗೆದೆ. ಆಟದಲ್ಲಿ ಋತು ಮುಗಿಯಲು ಸ್ವಲ್ಪವೇ ಕಾಲ ಉಳಿದಿತ್ತು. ಸಾಲುಸಾಲಿಗೂ ನೀರು ಹಾಕಬೇಕಿತ್ತು — ಹಾಕಿದೆ. ಒಂದು ಸಾಲೂ ಒಣಗಗೊಡಲಿಲ್ಲ.

ಸೆಲ್ಲು ತೀರಿ ಪರದೆ ಮಂಕಾದಾಗ ತಲೆಯೆತ್ತಿದೆ. ಕೊಳವೆಯ ಬಾಯಿ ಜೊಂಡಿನಿಂದ ಬಿಗಿದುಹೋಗಿತ್ತು. ದುರುಗಮ್ಮನ ಗದ್ದೆ ತುಂಬಿ ತುಳುಕುತ್ತಿತ್ತು. ದಾರಿಯಾಚೆ ನಮ್ಮ ಗದ್ದೆ ಒಣ ಒಣ. ನಮ್ಮ ಪಾಳಿ ಮುಗಿಯುತ್ತ ಬಂದಿತ್ತು. ಧೋತರ ಮೇಲೆತ್ತಿ ಕಟ್ಟಿ ನೀರಿಗಿಳಿದೆ. ಕೈಯಿಂದಲೇ ಕಸವನ್ನು ಕಿತ್ತೆ. ಕಿತ್ತದ್ದನ್ನು ದಡದ ಮೇಲೆ ಬಿಡಲಿಲ್ಲ — ಯಾರ ಕಣ್ಣಿಗೂ ಬೀಳದಂತೆ ದೂರ ಒಯ್ದು ಜಾಲಿಯ ಪೊದೆಯೊಳಗೆ ಒಗೆದು ಬಂದೆ. ನನ್ನ ಪಾಪ ಆ ಆಟದಿಂದ ಆರಂಭವಾಯಿತೆಂದು ಹೇಳಲಾರೆ. ಆ ಪೊದೆಯಿಂದ ಆರಂಭವಾಯಿತು.

ಸಂಗಯ್ಯ ಬಂದು ನೋಡಿ ಬೆಳ್ಳಗಾದ. "ಅಣ್ಣಾ, ಈ ಕಡೆ ಯಾರರ ಬಂದಿದ್ರೇನು?"

"ದುರುಗಮ್ಮ ಹಾದು ಹೋದಳು" ಎಂದೆ. ಅದು ನಿಜವೇ. ನಿಜವನ್ನು ಆಯ್ದು ಆಯ್ದು ಹೇಳಿದೆ — ವಿದ್ಯೆ ನನಗೆ ಕಲಿಸಿದ್ದು ಅಷ್ಟೇ ಏನೋ.

ಮರುದಿನ ಚಾವಡಿಯಲ್ಲಿ ಪಾಳಿಯವರೆಲ್ಲ ಸೇರಿದರು. "ನೀರಿಗೆ ಅಡ್ಡ ಕಟ್ಟೀಯಲ್ಲವಾ, ನಿನ್ನ ಗದ್ದಿ ಹೆಂಗ ತುಂಬಿತು ಹೇಳು" ಎಂದು ಹಿರಿಯರೊಬ್ಬರು ಕೇಳಿದರು. ದುರುಗಮ್ಮ ಸೆರಗು ಬಿಗಿದು ನಿಂತಳು. "ನಾ ಹುಲ್ಲಿಗೆ ಹೋಗಿದ್ದೆರೀ. ನೀರಿಗೆ ಕೈ ಹಚ್ಚಿದ್ರ ಈ ಕೈ ಸೇದಿ ಹೋಗ್ಲಿ. ಸ್ವಾಮ್ಯಾರು ಅಲ್ಲೇ ಕುಂತಿದ್ರಲ್ಲ, ಅವರನ್ನ ಕೇಳ್ರಿ. ಅವರು ಸುಳ್ಳು ಹೇಳಂಗಿಲ್ಲ."

ಎಲ್ಲರೂ ನನ್ನತ್ತ ತಿರುಗಿದರು. ಆಕೆಗೆ ಇದ್ದ ಏಕೈಕ ಸಾಕ್ಷಿ ನಾನು. ಬಾಯಿ ತೆರೆದೆ — ಶಿವಾ, ಆ ಕ್ಷಣದಲ್ಲಾದರೂ — ಆದರೆ ಬಂದ ಮಾತು ಇದು:

"ಆಕೆ ಹೋದದ್ದು ಕಂಡೆ. ಆಮೇಲೆ ನಾನು ಜಪಕ್ಕೆ ಕೂತೆ. ಕಣ್ಣು ಮುಚ್ಚಿದ್ದೆ."

ಕೆಲವರು ಕೈಮುಗಿದರು. ಸ್ವಾಮಿಗಳ ಜಪದ ಸಮಯ ಸಾಧಿಸಿ ಕದ್ದವಳು ಎಂದು ಆಕೆಯ ಅಪರಾಧ ಇಮ್ಮಡಿಯಾಯಿತು. ಆಕೆಯ ಮುಂದಿನ ಪಾಳಿಯನ್ನು ನಮಗೆ ಕೊಡಿಸಿದರು. ನಮ್ಮ ತೆನೆ ಉಳಿದವು. ಆಕೆಯದು ಮರಳುಗೂಡಿದ ನೆಲ, ಹೆಚ್ಚಾಗಿ ನುಗ್ಗಿದ ನೀರು ಅದರಲ್ಲಿ ನಿಲ್ಲಲಿಲ್ಲ. ಪಾಳಿ ತಪ್ಪಿದ ಮೇಲೆ ತೆನೆಗಳು ಜೊಳ್ಳಾಗಿ ನೆಟ್ಟಗೆ ನಿಂತವು. ಮರುವರ್ಷದ ನಾಟಿಗೆ ಆಕೆಯ ಗದ್ದೆಗೆ, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಾಗಿ ಯಾರೂ ಹೋಗಲಿಲ್ಲ. "ನೀರಗಳ್ಳಿ" ಎಂಬ ಹೆಸರು ಬಿತ್ತು. ಸಂತೆಯಲ್ಲೂ ಅದೇ ಹೆಸರು, ಬಸ್ಸಿನಲ್ಲೂ ಅದೇ. ಕೊನೆಗೆ ಗದ್ದೆಯನ್ನು ಪಾಲಿಗೆ ಕೊಟ್ಟು ಮಸ್ಕಿಗೆ, ಮಗಳ ಮನೆಗೆ ಹೊರಟುಹೋದಳು. ಸಂಗಯ್ಯನಿಗೂ ನಾನು ಹೇಳಲಿಲ್ಲ. ಅವನು ಆ ಸುಳ್ಳನ್ನು ನಂಬಿಕೊಂಡೇ ಲಿಂಗೈಕ್ಯನಾದ.

ಕಳೆದ ಸೋಮವಾರ ಮಸ್ಕಿಗೆ ಹೋದೆ. ದುರುಗಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ನರೆತಿದೆ, ದನಿ ಹಾಗೆಯೇ ಇದೆ. ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಆಕೆ ಮೊರದೊಳಗಿನ ಕಲ್ಲೊಂದನ್ನು ಆಯ್ದು ಒಗೆದಳು.

"ಹಂಗಾರ ಖರೇ ಗದ್ದಿ ಬಿಟ್ಟು ಡಬ್ಬ್ಯಾಗಿನ ಹೊಲ ಕಾಯಾಕತ್ತಿದ್ರಿ," ಎಂದಳು. "ಅಲ್ಲರ ಬೆಳಿ ಬಂತೇನ್ರೀ?"

"ಬಂತು" ಎಂದೆ.

ನಕ್ಕಳು — ಆ ನಗೆಯಲ್ಲಿ ಏನಿತ್ತೆಂದು ಬರೆಯುವ ಯೋಗ್ಯತೆ ನನಗಿಲ್ಲ. ನಾನು ಕಾಲು ಮುಟ್ಟಲು ಬಾಗಿದಾಗ ಹಿಂದೆ ಸರಿದಳು.

"ನನಗ ಹೇಳಿದ್ರ ಏನು ಬಂತ್ರೀ ಸ್ವಾಮ್ಯಾರ? ನಾ ಕದ್ದಿಲ್ಲಂತ ನನಗ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಊರಿಗೆ ಬಂದು ಇದನ್ನು ಬರೆದೆ. ನಾಳೆ ಪಾಳಿ ಹಂಚಲು ಚಾವಡಿಯಲ್ಲಿ ಎಲ್ಲರೂ ಕೂಡುತ್ತಾರೆ. ಅಲ್ಲಿ ಇದನ್ನು ನಿಂತೇ ಓದುತ್ತೇನೆ, ಗಟ್ಟಿಯಾಗಿ ಓದುತ್ತೇನೆ — ಅಂದು ಕುಳಿತು ಕೇಳಿದವರಲ್ಲಿ ಉಳಿದವರಿಗೆಲ್ಲ ಈಗ ಕಿವಿ ಮಂದ.